ಕನ್ನಡದಲ್ಲಿ ಹಾಡು ಕಟ್ಟುವವರು ಯಾವ ಪುಸ್ತಕ ಓದಬೇಕು?

ಹತ್ತು ಪುಸ್ತಕದ ಪಟ್ಟಿ ಬೇಕು, ಆದರೆ ಜಾಸ್ತಿ ಓದಿದರೆ ನನ್ನತನ ಹೋಗುತ್ತಾ ಅಂತ ಭಯ ಅಂದಿದ್ದೀರಿ. ಗಿಟಾರ್ ಹೆಗಲಿಗೆ ಹಾಕಿಕೊಂಡು ಬೆಂಗಳೂರಿನ ಶ್ರೀನಗರದಲ್ಲಿ ಬಸ್ ಹತ್ತುತ್ತಿದ್ದ ಕಾಲಕ್ಕೆ ನನ್ನದೂ ಇದೇ ಗೋಳು.

ನಾನು ಓದುತ್ತಿರಲಿಲ್ಲ ಅಂತಲ್ಲ. ಅವೆನ್ಯೂ ರಸ್ತೆಯಿಂದ ಹಳೇ ಪುಸ್ತಕ ತರುತ್ತಿದ್ದೆ. ಚೆಂದದ ಪದ ಕಂಡಲ್ಲೆಲ್ಲ ಪೆನ್ಸಿಲ್ ಗೆರೆ ಎಳೆದು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನೂ ಹೀಗೇ ಹೆಕ್ಕಿ ಮುಗಿಸಿದ್ದೆ. ಎಲ್ಲಾ ಬಸ್ಸಿನಲ್ಲಿ, ಕಣ್ಣಲ್ಲೇ. ಬಾಯಿ ಬಿಟ್ಟು ಒಂದು ಸಾಲೂ ಓದಿರಲಿಲ್ಲ.

ಆ ನೋಟ್‌ಬುಕ್ಕಿನಿಂದ ನನ್ನ ಮೊದಲ ಹಾಡು ಎದ್ದಿತು: ‘ಬಳೆಯ ಸದ್ದು ಕೇಳಿ ಬಂತು’. ಟ್ಯೂನ್ ಮೊದಲೇ ರೆಡಿ ಇತ್ತು. ಸಾಲನ್ನು ಅದರೊಳಗೆ ತುರುಕಿ, ಚಾಮರಾಜಪೇಟೆಯ ಒಂದು ಪುಟ್ಟ ಸಭಾಂಗಣದಲ್ಲಿ ಕಣ್ಣು ಮುಚ್ಚಿ ಹಾಡಿದೆ. ಮುಂದೆ ಕೂತಿದ್ದ ಹಿರಿಯರೊಬ್ಬರು ಆಮೇಲೆ ಹತ್ತಿರ ಬಂದರು. “ಚೆನ್ನಾಗಿತ್ತಪ್ಪಾ. ಆದ್ರೆ ಬಾಳೆ ಯಾವಾಗಿಂದ ಸದ್ದು ಮಾಡೋಕೆ ಶುರು ಮಾಡ್ತು?”

ಆಗಿದ್ದು ಇಷ್ಟು. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಗೆ ಮಾತ್ರೆ ಅಂತಾರೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನದಕ್ಕೂ, ಸೊನ್ನೆ ಇರುವುದಕ್ಕೂ ಎರಡು. ‘ಬಳೆಯ’ ಮೂರು, ‘ಸದ್ದು’ ಮೂರು, ‘ಕೇಳಿ’ ಮೂರು, ‘ಬಂತು’ ಮೂರು. ಸಾಲು ತಾನಾಗೇ ಮೂರರ ನಡೆಯಲ್ಲಿ ಕುಣಿಯುತ್ತಿತ್ತು. ನನ್ನ ಟ್ಯೂನ್ ನಾಲ್ಕರದ್ದು. ಕಮ್ಮಿ ಬಿದ್ದ ಒಂದು ಮಾತ್ರೆಗಾಗಿ ಮೊದಲಕ್ಷರ ಎಳೆದೆ. ಬಳೆ ಬಾಳೆ ಆಯಿತು! ಗಿಟಾರ್ ಪಕ್ಕಕ್ಕಿಟ್ಟು ಒಂದೇ ಒಂದು ಸಲ ಗಟ್ಟಿಯಾಗಿ ಓದಿದ್ದರೆ ನಾಲಿಗೆಯೇ ಹೇಳುತ್ತಿತ್ತು. ಒಂದೇ ಸಲ. ಇದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

ಆ ಹಿರಿಯರೇ ಒಂದು ಭಾನುವಾರ ಗಮಕ ವಾಚನಕ್ಕೆ, ಅಂದರೆ ಹಳೇ ಕಾವ್ಯವನ್ನು ರಾಗವಾಗಿ ಓದುವ ಕಾರ್ಯಕ್ರಮಕ್ಕೆ, ಕರೆದುಕೊಂಡು ಹೋದರು. ಕುಮಾರವ್ಯಾಸನ ಭಾಮಿನಿ ಷಟ್ಪದಿ, ಆರು ಸಾಲಿನ ಪದ್ಯ. ಗಮಕಿ ಹಾಡುವಾಗ ಅದು ತಾಳಕ್ಕೆ ಕಟ್ಟುಬಿದ್ದಿರಲಿಲ್ಲ. ಮನೆಗೆ ಬಂದು ಅದೇ ಪದ್ಯವನ್ನು ತೊಡೆ ತಟ್ಟುತ್ತಾ ಓದಿದೆ. ಮೂರು-ನಾಲ್ಕು, ಮೂರು-ನಾಲ್ಕು. ಅರೆ, ಇದು ಮಿಶ್ರ ಛಾಪು, ಕರ್ನಾಟಕ ಸಂಗೀತದ ಏಳರ ತಾಳ! ಏಳರ ಲೆಕ್ಕ ಕೈಗೆ ಹತ್ತಲಿ ಅಂತ ಆರು ತಿಂಗಳು ಇಂಗ್ಲಿಷ್ ರಾಕ್ ಕೇಳಿ ಒದ್ದಾಡಿದ್ದೆ ನಾನು.

ಹಾಗಾಗಿ ಪಟ್ಟಿ ಕೊಡಲ್ಲ. ಹತ್ತು ಪುಸ್ತಕ ಸುಮ್ನೆ ಕಪಾಟಿಗೆ ಭಾರ. ಒಂದು ತಗೊಳ್ಳಿ, ಬೇಂದ್ರೆಯೋ ಕುಮಾರವ್ಯಾಸನೋ, ಕೈಗೆ ಸಿಕ್ಕಿದ್ದು. ಟೆರೇಸಿಗೆ ಹೋಗಿ ಕೂಗಿ ಓದಿ. ಪಕ್ಕದ ಮನೆಯವರು ನೋಡಿದರೆ ನೋಡಲಿ. ಅರ್ಥ ಆಗದಿದ್ದರೂ ಪರವಾಗಿಲ್ಲ, ನಡೆ ಸಿಗುವವರೆಗೂ ಬಿಡಬೇಡಿ. ಇನ್ನು ನನ್ನತನ ಹೋಗುವ ಮಾತು. ಬೇಜಾರು ಮಾಡಿಕೊಳ್ಳಬೇಡಿ, ಮೊದಲ ಹಾಡಿಗೇ ಅದು ಬಂದುಬಿಟ್ಟಿದೆ ಅಂತ ನಿಮಗೆ ಯಾರು ಹೇಳಿದ್ದು?

ಬಳೆ ಹಾಡನ್ನು ಆಮೇಲೆ ಮೂರರ ನಡೆಗೆ ತಂದೆ, ಈಗಲೂ ಹಾಡುತ್ತೇನೆ. ನಮ್ಮ ಡ್ರಮ್ಮರ್ ಮಾತ್ರ ಹಾಡುಗಳ ಚೀಟಿಯಲ್ಲಿ ಅದನ್ನು ‘ಬಾಳೆಹಣ್ಣು’ ಅಂತಲೇ ಬರೆಯುತ್ತಾನೆ.