ವಂಶವೃಕ್ಷದಲ್ಲಿ ನಮ್ಮ ಹಿರಿಯ ಅಜ್ಜಿಯೇ ಇಲ್ಲ

ಪ್ರಶ್ನೆ: ನನಗೆ 52 ವರ್ಷ, ಗದಗ ಕಡೆಯವಳು. ಅಪ್ಪನನ್ನು ಹೆತ್ತ ಅಜ್ಜಿ ಬಾಣಂತನದಲ್ಲೇ ತೀರಿಕೊಂಡರು. ಆಮೇಲೆ ಅಜ್ಜ ಆ ಅಜ್ಜಿಯ ತಂಗಿಯನ್ನೇ ಮದುವೆಯಾದರು. ಅಪ್ಪನನ್ನು ಸಾಕಿದ್ದು ಅವರೇ. ಈಗ ಇವರು ಯಾರೂ ಇಲ್ಲ, ಅಪ್ಪನೂ ಇಲ್ಲ. ಅಮೆರಿಕದಲ್ಲಿರುವ ಕಾಕಾನ ಮಗ, ಯಾರು ಬೇಕಾದರೂ ತಿದ್ದಬಹುದಾದ ವಂಶವೃಕ್ಷದ ವೆಬ್‌ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ನಮ್ಮ ವಂಶವೃಕ್ಷ ಹಾಕಿದ್ದಾನೆ. ಅದರಲ್ಲಿ ಹಿರಿಯ ಅಜ್ಜಿಯ ಹೆಸರೇ ಇಲ್ಲ, ಅಪ್ಪ ಕಿರಿಯ ಅಜ್ಜಿಯ ಮಗ ಅಂತಿದೆ. ಒಂದೇ ಹೆಸರಿನ ಮುತ್ತಜ್ಜನನ್ನೂ ಅವರ ಮೊಮ್ಮಗನನ್ನೂ ಸೇರಿಸಿ ಒಬ್ಬರನ್ನೇ ಮಾಡಿದ್ದಾನೆ. ನಾನು ತಿದ್ದಿದರೆ ಅವನು ಮತ್ತೆ ಮೊದಲಿನಂತೆ ಮಾಡುತ್ತಾನೆ. "ಎಂದೂ ಇಲ್ಲದ ಭೇದ ಈಗ್ಯಾಕೆ ತರ್ತೀ ಅಕ್ಕಾ?" ಅಂತ ವಾಟ್ಸ್ಯಾಪ್ ಗ್ರೂಪಿನಲ್ಲೇ ಬರೆದ. ಕಾಕಾ ಫೋನ್ ಮಾಡಿ, "ಆಸ್ತಿ ವಿಷಯ ಏನಾರ ಐತೇನವ್ವಾ?" ಅಂದರು. ಅವತ್ತಿನಿಂದ ನಿದ್ದೆಯಿಲ್ಲ. ಕಿರಿಯ ಅಜ್ಜಿ ಕೊನೆತನಕ ತಾಳಿಯ ಜೊತೆ ಅಕ್ಕನ ನೆನಪಿನ ಚಿನ್ನದ ತಗಡು ಹಾಕಿಕೊಂಡಿದ್ದರು. ಮುಂದಿನ ತಿಂಗಳು ಕಾಕಾನ ಮೊಮ್ಮಗಳ ಮದುವೆ. ಸುಮ್ನಿದ್ದುಬಿಡಲಾ?

ಉತ್ತರ: ಸುಮ್ಮನಿರಬೇಡಿ. ಆದರೆ ನೀವು ತಿದ್ದುವುದು, ಅವನು ಅಳಿಸುವುದು, ಈ ಆಟ ಇಲ್ಲಿಗೆ ನಿಲ್ಲಲಿ.

ಮೊದಲು ಕಾಕಾನ ಮಾತಿಗೆ ಬರೋಣ. ಅದು ನಿಮಗೆ ಚುಚ್ಚಿದೆ. ಆದರೆ ನಮ್ಮಲ್ಲಿ ವಂಶವೃಕ್ಷ ಅಂದ ಕೂಡಲೇ ನೆನಪಾಗುವುದು ನಾಡಕಚೇರಿ, ಪೌತಿ ಖಾತೆ, ಪಹಣಿ. ಹೊಲ ಯಾರ ಹೆಸರಿಗೆ ಹೋಗಬೇಕು ಅನ್ನುವಾಗಲೇ ಹಳ್ಳಿಯಲ್ಲಿ ಆ ಕಾಗದದ ಮಾತು ಏಳುವುದು. ವಯಸ್ಸಾದವರಿಗೆ ಹೆದರಿಕೆ ಆಗಿದ್ದು ಸಹಜ. ನೀವೇ ಫೋನ್ ಮಾಡಿ ಬಿಡಿಸಿ ಹೇಳಿ. ಇಂಟರ್ನೆಟ್ಟಿನಲ್ಲಿ ಹಾಕಿದ ವಂಶವೃಕ್ಷ ನೋಡಿ ಯಾರೂ ಖಾತೆ ಬದಲಿಸುವುದಿಲ್ಲ. ಇನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಅಪ್ಪನ ಆಸ್ತಿಗೆ ಮೊದಲ ಹೆಂಡತಿಯ ಮಗ, ಅವರು ತೀರಿದ ಮೇಲೆ ಬಂದವರ ಮಗ ಅಂತ ಹೆಚ್ಚುಕಡಿಮೆ ಇಲ್ಲ. ಹಿರಿಯ ಅಜ್ಜಿಯ ಹೆಸರು ಬಂತು ಅಂತ ಅಜ್ಜನ ಆಸ್ತಿಯಲ್ಲಿ ಯಾರಿಗೂ ಒಂದು ಗುಂಟೆ ಜಾಸ್ತಿ ಆಗುವುದಿಲ್ಲ. ಇದನ್ನು ಗ್ರೂಪಿನಲ್ಲಿ ಬರೆಯಬೇಡಿ. ಬಾಯಲ್ಲೇ ಹೇಳಿ.

ತಮ್ಮನ ಮಾತಿನಲ್ಲಿ ನನಗೆ ಕೆಟ್ಟತನ ಕಾಣಲಿಲ್ಲ. ಅವನಿಗೆ ಕಿರಿಯ ಅಜ್ಜಿ ಸ್ವಂತ ಅಜ್ಜಿ. ದೊಡ್ಡಪ್ಪ ಅವರ ಹೊಟ್ಟೆಯಲ್ಲಿ ಹುಟ್ಟಿದವರಲ್ಲ ಅಂತ ಎಲ್ಲರಿಗೂ ಕಾಣುವಂತೆ ಬರೆದರೆ, ಅವರು ಸಾಕಿದ್ದಕ್ಕೇ ಬೆಲೆ ಇಲ್ಲದ ಹಾಗಾಯಿತು ಅಂತ ಅವನಿಗೆ ಅನ್ನಿಸಿರಬಹುದು.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಚಿನ್ನದ ತಗಡಿನ ವಿಷಯ. ಸವತಿ ತಾಳಿ ಅಂತಾರಲ್ಲ, ಅದು. ನೀರು ತರುವಾಗ, ರೊಟ್ಟಿ ಬಡಿಯುವಾಗ, ಮದುವೆ ಮುಂಜಿಗೆ ಹೋದಾಗ ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದು. ಅಕ್ಕನನ್ನು ಮರೆಸಬೇಕು ಅಂತ ಇದ್ದಿದ್ದರೆ ಅವರು ಅದನ್ನು ಕೊನೆತನಕ ಕೊರಳಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ತಮ್ಮನಿಗೆ ಇದು ಗೊತ್ತೇ ಇಲ್ಲದಿರಬಹುದು. ಆ ತಗಡು ಈಗ ಯಾರ ಮನೆಯಲ್ಲಿದೆ ವಿಚಾರಿಸಿ, ಫೋಟೊ ತೆಗೆದು ಅವನೊಬ್ಬನಿಗೇ ಕಳಿಸಿ. ವಾದ ಮಾಡಬೇಡಿ. "ಅಜ್ಜಿ ಇದನ್ನ ಹಾಕ್ಕೊಂತಿದ್ದರು, ನೀನು ನೋಡೀಯೇನು?" ಅಂತ ಕೇಳಿ, ಸಾಕು.

ಆಮೇಲೆ ಇದನ್ನೂ ಹೇಳಿ. ಫ್ಯಾಮಿಲಿಸರ್ಚ್‌ನಲ್ಲಿ ಒಬ್ಬರಿಗೆ ಇಬ್ಬರು ತಾಯಂದಿರನ್ನು ಹಾಕಬಹುದು. ಹೆತ್ತವರು ಯಾರು, ಸಾಕಿದವರು ಯಾರು ಅಂತ ಗುರುತಿಸಲೂ ಅವಕಾಶವಿದೆ. ಕಿರಿಯ ಅಜ್ಜಿಯನ್ನು ಅಪ್ಪನ ತಾಯಿಯ ಸ್ಥಾನದಿಂದ ತೆಗೆಯಲೇಬೇಡಿ. ನೀವು ತಿದ್ದಿದಾಗ ತೆಗೆದಿದ್ದರೆ, ಅವನ ಸಿಟ್ಟಿಗೆ ಅದೇ ಕಾರಣ ಇರಬಹುದು. ತಿದ್ದುವಾಗ ಕಾರಣ ಬರೆಯುವ ಜಾಗವೂ ಇರುತ್ತದೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಕಾರಣ ಇಲ್ಲದ ತಿದ್ದುಪಡಿ ಎದುರಿನವರಿಗೆ ಬರೀ ಹಠದಂತೆ ಕಾಣುತ್ತದೆ. ಯಾರು, ಯಾವಾಗ, ಏನು ಬದಲಿಸಿದರು ಅನ್ನುವುದೆಲ್ಲ ಅಲ್ಲಿ ದಾಖಲಾಗಿರುತ್ತದೆ, ಹಿಂದಿನದನ್ನು ವಾಪಸ್ ತರಲೂ ಬರುತ್ತದೆ. ಆದ್ದರಿಂದ ಈಗಲೇ ಆಗಬೇಕು ಅನ್ನುವ ಅವಸರ ಬೇಡ. ಮದುವೆ ಮುಗಿಯಲಿ. ಮದುವೆಗೆ ಹೋಗಿ, ಕಾಕಾನ ಪಕ್ಕ ಕೂತು ಊಟ ಮಾಡಿ.

ಇಷ್ಟಾದ ಮೇಲೂ ತಮ್ಮ ಒಪ್ಪದಿದ್ದರೆ, ಕಾರಣ ಬರೆದು, ಫೋಟೊ ಸೇರಿಸಿ ನೀವೇ ತಿದ್ದಿ. ಅವನಿಗೆ ಮೊದಲೇ ತಿಳಿಸಿ, ಆದರೆ ಅನುಮತಿ ಕೇಳಬೇಡಿ. ನಿಮ್ಮ ಅಪ್ಪನನ್ನು ಹೆತ್ತವರು ಯಾರು ಅಂತ ಹೇಳುವ ಹಕ್ಕು ನಿಮಗಿದೆ. ಅವರ ಜೀವ ಹೋದದ್ದೇ ಆ ಬಾಣಂತನದಲ್ಲಿ, ಅವರ ಹೆಸರು ಅಲ್ಲಿ ಇರಲೇಬೇಕು.

ಮುತ್ತಜ್ಜ, ಮೊಮ್ಮಗ ಒಂದಾದದ್ದಕ್ಕೆ ಯಾರ ಮೇಲೂ ಸಿಟ್ಟಾಗಬೇಡಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮಲ್ಲಿ ಇದು ಆಗುವಂಥದ್ದೇ. ಸೇರಿಸಿದ್ದನ್ನು ಅಲ್ಲಿ ಮತ್ತೆ ಬೇರೆ ಮಾಡಬಹುದು. ಹುಟ್ಟಿದ ತಾರೀಖನ್ನು ಮಾತ್ರ ನೆಚ್ಚಬೇಡಿ, ಎಷ್ಟೋ ಹಿರಿಯರ ಜೂನ್ 1 ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದದ್ದು. ಹಳೆಯ ಖರೀದಿ ಪತ್ರ ಇದ್ದರೆ ತೆಗೆಯಿರಿ, ಅದರಲ್ಲಿ ತಂದೆಯ ಹೆಸರೂ ಇರುತ್ತದೆ. ನಿಮ್ಮ ಮನೆತನಕ್ಕೆ ಹೆಳವರು ಈಗಲೂ ಬರುತ್ತಾರಾ? ತಲೆಮಾರುಗಳ ಹೆಸರು ಹೇಳುವುದೇ ಅವರ ಕಸುಬು. ಈ ಸಲ ಬಂದಾಗ ಕಾಳು ಕೊಟ್ಟು ಕಳಿಸುವ ಮೊದಲು ಮುತ್ತಜ್ಜನಿಂದ ಶುರುಮಾಡಿ ಎಲ್ಲ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ತಮ್ಮನಿಗೂ ಕಳಿಸಿ.