ಓದುಗರ ಪ್ರಶ್ನೆ: ವಿದ್ಯಾರ್ಥಿವೇತನದ ಅರ್ಜಿ

ಪ್ರಶ್ನೆ: ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಬಿ.ಕಾಂ. ಸೇರಿದ್ದೇನೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕಂತೆ. ಮನೆಯಲ್ಲಿ ಕೇಳೋಣವೆಂದರೆ ಯಾರಿಗೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅರ್ಜಿಗಿಂತ ಮೊದಲು ಹೆಸರು ನೋಡಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಅದು ಒಂದೇ ರೀತಿ ಇರಲಿ; ಇನಿಷಿಯಲ್ ಹಿಂದೆಮುಂದೆ ಆದರೂ ತೊಡಕಾಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಒಟಿಪಿ ಅದಕ್ಕೇ ಬರುವುದು.

ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಿ. ಅದರ ಮೇಲಿನ, ‘RD’ ಎಂದು ಶುರುವಾಗುವ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಬೇಕು.

ಹೆಚ್ಚಿನ ಮಕ್ಕಳು ಎಡವುವುದು ಬ್ಯಾಂಕಿನಲ್ಲಿ. ಖಾತೆಗೆ ಆಧಾರ್ ಕೊಟ್ಟ ಮಾತ್ರಕ್ಕೆ ಹಣ ಬರುವುದಿಲ್ಲ, ಎನ್‌ಪಿಸಿಐ ಜೋಡಣೆಯೂ, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ ನಿಮ್ಮ ಆಧಾರ್ ದಾಖಲಾಗುವುದೂ ಆಗಬೇಕು. ನಿಮ್ಮದೇ ಹೆಸರಿನ ಖಾತೆಯ ಪಾಸ್‌ಬುಕ್ ಹಿಡಿದು ಹೋಗಿ, ‘ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ’ ಎಂದು ಬರೆದುಕೊಡಿ; ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದು, ಸೀಡಿಂಗ್ ಎಂದರೆ ಈ ಜೋಡಣೆಯೇ. ಆಮೇಲೆ ಬೇರೆ ಬ್ಯಾಂಕಿನಲ್ಲಿ ಸೀಡಿಂಗ್ ಮಾಡಿಸಿದರೆ ಹಣ ಅಲ್ಲಿಗೆ ಹೋಗುತ್ತದೆ, ನೆನಪಿರಲಿ.

ದಾಖಲೆಗಳ ಇ-ದೃಢೀಕರಣಕ್ಕೆ, ಅಂದರೆ ಅವು ಸರಿಯೆಂದು ಆನ್‌ಲೈನ್‌ನಲ್ಲಿ ಖಚಿತಪಡಿಸಲು, ಮೂಲಪ್ರತಿ ಹಿಡಿದು ಕಾಲೇಜು ಕಚೇರಿಗೆ ಹೋಗಿ. ಕೇಳಲು ಸಂಕೋಚ ಬೇಡ, ಅದು ಅವರ ಕೆಲಸವೇ. ಸಲ್ಲಿಸಿದ ಅರ್ಜಿಯ ಪ್ರಿಂಟ್ ತೆಗೆದಿಡಿ. ಹಾಸ್ಟೆಲ್ ಬೇಕಿದ್ದರೆ ಅದರ ಅರ್ಜಿ ಬೇರೆ, ಇದರಲ್ಲಿ ಸೇರಿಲ್ಲ.