ಗ್ರಾಹಕ ಅನ್ನೋ ಪದ ನಿಮ್ಮನ್ನ ದಾರಿ ತಪ್ಪಿಸಿದೆ

ನಮಸ್ಕಾರ ಕಣಮ್ಮ. ಚಿಂತಾಮಣಿಯಿಂದ ನೀವು ಕಳಿಸಿದ ಜೀವಕೋಶದ ರಿಸೆಪ್ಟರ್‌ಗಳ (ಪೊರೆಯ ಮೇಲಿದ್ದು ಹೊರಗಿನ ಅಣುಗಳನ್ನ ಹಿಡಿಯೋ ಪ್ರೋಟೀನುಗಳು, ಕನ್ನಡದಲ್ಲಿ ಗ್ರಾಹಕ ಅಂತಾರೆ) ಲೇಖನ ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಎಮ್ಮೆಸ್ಸಿ ಓದ್ತಾ ಕನ್ನಡದಲ್ಲಿ ಬರೀಬೇಕು ಅಂತ ಕೂತಿದ್ದೀರಲ್ಲ, ಅದು ನಿಜವಾಗ್ಲೂ ಖುಷಿ. ಆದ್ರೆ ಮೂರನೇ ಪ್ಯಾರಾ ಓದಿ ಕೋಪ ಬಂತು, ಮುಚ್ಚಿಡಲ್ಲ.

ನೀವು ಬರೆದಿರೋದು ಹೀಗೆ: "ಇನ್ಸುಲಿನ್ ತನ್ನ ಗ್ರಾಹಕದ ಮೂಲಕ ಕೋಶದ ಒಳಗೆ ಹೋಗಿ ಸಕ್ಕರೆ ಬಳಕೆಯಾಗುವಂತೆ ಮಾಡುತ್ತದೆ. ಇದೇ ರೀತಿ ಎಲ್‌ಡಿಎಲ್ ತನ್ನ ಗ್ರಾಹಕದ ಮೂಲಕ ಕೋಶಕ್ಕೆ ಸಂದೇಶ ಕೊಡುತ್ತದೆ."

ಎರಡೇ ವಾಕ್ಯ, ಎರಡೂ ಅದಲು ಬದಲು.

"ಒಳಗೆ ಹೋಗಿ" ಅನ್ನೋದನ್ನ ಮೊದಲು ಹೊಡೆದು ಹಾಕಿ. ಇನ್ಸುಲಿನ್ ಕೆಲಸ ಮಾಡೋಕೆ ಒಳಗೆ ಹೋಗ್ಬೇಕಾಗಿಲ್ಲ, ಹೊರಗಡೆಯಿಂದಾನೇ ರಿಸೆಪ್ಟರ್‌ಗೆ ಅಂಟ್ಕೊಳ್ಳುತ್ತೆ, ಆಗ ಪೊರೆಯ ಒಳಮೈಯಲ್ಲಿರೋ ಆ ರಿಸೆಪ್ಟರಿನದೇ ಭಾಗಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಳ್ತವೆ, ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ಕೊನೆಗೆ ಸ್ನಾಯು ಮತ್ತೆ ಕೊಬ್ಬಿನ ಕೋಶಗಳಲ್ಲಿ ಒಳಗೆ ಚೀಲಗಳಲ್ಲಿದ್ದ ಗ್ಲೂಟ್-4 ಅನ್ನೋ ಪ್ರೋಟೀನು ಪೊರೆಗೆ ಬಂದು ಸಕ್ಕರೆಗೆ ದಾರಿ ಬಿಡುತ್ತೆ. ಒಳಗೆ ಬಂದಿದ್ದು ಸುದ್ದಿ.

ಈಗ "ಸಂದೇಶ". ಎಲ್‌ಡಿಎಲ್, ಅಂದ್ರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗೋ ಕಣ, ತರೋದು ಸಂದೇಶ ಅಲ್ಲಮ್ಮ, ಮಾಲು. ಒಂದು ಕಣದೊಳಗೆ ಸುಮಾರು 1,500 ಕೊಲೆಸ್ಟ್ರಾಲ್ ಎಸ್ಟರ್ (ಕೊಬ್ಬಿನಾಮ್ಲಕ್ಕೆ ಅಂಟಿದ ಕೊಲೆಸ್ಟ್ರಾಲ್) ಅಣುಗಳಿರ್ತವೆ. ರಿಸೆಪ್ಟರ್ ಅದನ್ನ ಹಿಡ್ಕೊಂಡು ಕ್ಲಾಥ್ರಿನ್ ಅನ್ನೋ ಪ್ರೋಟೀನಿನ ಹೊದಿಕೆ ಇರೋ ಪೊರೆಯ ಗುಳಿಗೆ ಬರುತ್ತೆ, ಗುಳಿ ಚೀಲವಾಗಿ ಒಳಗೆ ಕಿತ್ಕೊಳ್ಳುತ್ತೆ, ಕೋಶದೊಳಗಿನ ವಿಂಗಡಣೆ ಚೀಲವಾದ ಎಂಡೋಸೋಮಿನ ಹುಳಿಗೆ ಹಿಡಿತ ಸಡಿಲ ಆಗುತ್ತೆ, ಮಾಲು ಲೈಸೋಸೋಮಿಗೆ, ಅಂದ್ರೆ ಅರಗಿಸೋ ಚೀಲಕ್ಕೆ, ರಿಸೆಪ್ಟರ್ ಖಾಲಿಯಾಗಿ ವಾಪಸ್ ಪೊರೆಗೆ. ಒಂದು ಸುತ್ತಿಗೆ ಸುಮಾರು 10 ನಿಮಿಷ. ನಮ್ಮ ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಇಳಿಸಿ ಖಾಲಿ ಕ್ರೇಟು ಊರಿಗೆ ವಾಪಸ್ ಹೋಗುತ್ತಲ್ಲ, ಹಾಗೆ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು "ಇದೇ ರೀತಿ" ಮೇಲೆ. ಸುದ್ದಿ ತರೋದೂ ಮಾಲು ತರೋದೂ ಒಂದೇ ಅನ್ನೋ ಹಾಗಾಯ್ತು. ಈ ತಪ್ಪಿನ ಬೇರು ಗ್ರಾಹಕ ಅನ್ನೋ ಪದದಲ್ಲೇ ಇದೆ ಅನ್ಸುತ್ತೆ. ಗ್ರಾಹಕ ಅಂದ್ರೆ ತಗೊಳ್ಳೋನು, ಆ ಪದ ಬರೆದ ಕೂಡ್ಲೇ ಕೈ ತಾನಾಗೇ "ಒಳಗೆ" ಅಂತ ಬರೆದುಬಿಡುತ್ತೆ. ರಿಸೆಪ್ಟರ್ ಅಂತಲೇ ಬರೀರಿ, ನಾನು ಆಕ್ಷೇಪ ಮಾಡಲ್ಲ.

ನಾನು ಕೋಲಾರದಲ್ಲಿ ಒಂದು ಸಣ್ಣ ಪತ್ರಿಕೆಗೆ ಸೇರಿದ ಹೊಸದ್ರಲ್ಲಿ ಮಂಡಿ ವರದಿ ನನ್ನ ಪಾಲಿಗೆ ಬಂದಿತ್ತು. ಒಂದಿನ "ಟೊಮೆಟೊ ಮಂಡಿಗೆ ಬಂದು ರೇಟು ಬಿತ್ತು" ಅಂತ ಬರ್ಕೊಂಡು ಹೋದೆ. ಸಂಪಾದಕರು ಕನ್ನಡಕ ತೆಗೆದಿಟ್ಟು ಕೇಳಿದ್ರು, "ಏನಪ್ಪಾ, ಬಂದಿದ್ದು ಮಾಲಾ, ಇಲ್ಲಾ ಮಾಲು ಬರುತ್ತೆ ಅನ್ನೋ ಫೋನಾ?" ನನಗೆ ಗೊತ್ತಿರಲಿಲ್ಲ. ಮಾರನೇ ದಿನ ಬೆಳಗಿನ ಜಾವ ಹೋಗಿ ನಿಂತು ನೋಡಿದೆ, ಲಾರಿ ಇನ್ನೂ ದಾರಿಯಲ್ಲೇ ಇತ್ತು, ಒಂದು ಫೋನಿಗೇ 15 ಕೆಜಿ ಬಾಕ್ಸಿನ ರೇಟು ಇಳಿದಿತ್ತು. ಅವತ್ತಿಂದ ಯಾರ ಬರಹ ಓದಿದ್ರೂ ಆ ಪ್ರಶ್ನೆ ಕೇಳದೆ ಮುಂದೆ ಹೋಗೋಕೆ ನನ್ನಿಂದ ಆಗಲ್ಲ.

ನೀವು ಕೇಳಬಹುದು, ಸರ್, ಇನ್ಸುಲಿನ್ ರಿಸೆಪ್ಟರೂ ಎಂಡೋಸೈಟೋಸಿಸ್‌ನಲ್ಲಿ, ಅಂದ್ರೆ ಪೊರೆ ಒಳಮಡಚಿ ಚೀಲವಾಗೋವಾಗ, ಒಳಗೆ ಹೋಗುತ್ತಲ್ಲ ಅಂತ. ಹೋಗುತ್ತೆ. ಇಜಿಎಫ್ (ಕೋಶಗಳಿಗೆ ಬೆಳೀರಿ ಅಂತ ಸುದ್ದಿ ಕೊಡೋ ಪ್ರೋಟೀನು) ರಿಸೆಪ್ಟರೂ ಹೋಗುತ್ತೆ. ಅದಕ್ಕೇ "ಒಳಗೆ ಹೋದ್ರೆ ಒಂದು ಜಾತಿ, ಹೋಗದಿದ್ರೆ ಇನ್ನೊಂದು ಜಾತಿ" ಅಂತ ಬರೆದ್ರೂ ತಪ್ಪೇ. ಯಾತಕ್ಕೆ ಹೋಗುತ್ತೆ ಅಂತ ನೋಡಿ. ಇಜಿಎಫ್ ಅಂಟಿದ ಮೇಲೆ ಆ ರಿಸೆಪ್ಟರ್ ಬೇಗ ಬೇಗ ಒಳಗೆ ಎಳೆಯಲ್ಪಟ್ಟು ಬಹಳಷ್ಟು ಲೈಸೋಸೋಮಿನಲ್ಲಿ ನಾಶ ಆಗುತ್ತೆ, ಅಂದ್ರೆ ಸುದ್ದಿ ತಲುಪಿತು, ಇನ್ನು ಕೂಗು ನಿಲ್ಲಿಸಬೇಕು. ಎಲ್‌ಡಿಎಲ್ ರಿಸೆಪ್ಟರ್ ಹಾಗೆ ಏನೂ ಅಂಟಲಿ ಅಂತ ಕಾಯೋದೇ ಇಲ್ಲ, ಮಾಲು ಇರ್ಲಿ ಬಿಡ್ಲಿ ಸುತ್ತು ಹೊಡೀತಾನೇ ಇರುತ್ತೆ.

ಇನ್ನೊಂದು. ಎಲ್‌ಡಿಎಲ್ ರಿಸೆಪ್ಟರ್ ಕಂಡುಹಿಡಿದ ಬ್ರೌನ್ ಮತ್ತೆ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅಲ್ಲೇ ನಿಮ್ಮ ಲೇಖನದ ಜೀವ ಇತ್ತು. ಅವರು ನೋಡಿದ ಒಬ್ಬ ರೋಗಿಯ ಕೋಶಗಳಲ್ಲಿ ರಿಸೆಪ್ಟರ್ ಎಲ್‌ಡಿಎಲ್‌ನ ಸರಿಯಾಗೇ ಹಿಡೀತಿತ್ತು, ಒಳಗೆ ಮಾತ್ರ ತಗೊಂಡು ಹೋಗ್ತಿರಲಿಲ್ಲ. ಆಮೇಲೆ ನೋಡಿದ್ರೆ ರಿಸೆಪ್ಟರಿನ ಒಳಬಾಲದಲ್ಲಿ ಟೈರೋಸಿನ್ ಅನ್ನೋ ಒಂದೇ ಒಂದು ಅಮೈನೋ ಆಮ್ಲ ಇದ್ದ ಜಾಗದಲ್ಲಿ ಸಿಸ್ಟೀನ್ ಅನ್ನೋ ಇನ್ನೊಂದು ಬಂದು ಕೂತಿತ್ತು. ಹಿಡಿಯೋದು ಬೇರೆ, ಒಯ್ಯೋದು ಬೇರೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಉದಾಹರಣೆ ಹೇಳುತ್ತೆ?

ಮೂರನೇ ಪ್ಯಾರಾನ ಆ ರೋಗಿಯಿಂದ ಶುರು ಮಾಡಿ ಮತ್ತೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರ್ತೀನಿ.